ಮೌತ್‌ಪೀಸಿಗೆ ಕಾವಲು

ನನ್ನ ಯಜಮಾನರು ರುದ್ರಯ್ಯ ಹಾಲಿನವನನ್ನು ನಂಬುವುದಿಲ್ಲ, ಬಸ್ ಕಂಡಕ್ಟರನ್ನು ನಂಬುವುದಿಲ್ಲ, ಪಂಚಾಂಗವನ್ನೂ ಇನ್ನೊಬ್ಬರ ಮನೆಯದರ ಜೊತೆ ತಾಳೆ ನೋಡುತ್ತಾರೆ. ಇಂಥವರು ಕ್ಲಾರಿಯೋನೆಟ್ ಹಿಡಿದರಲ್ಲ, ಅದೇ ನನಗೆ ಸೋಜಿಗ. ಅದರ ತುದಿಯಲ್ಲಿ ಬಾಯಿಗಿಟ್ಟು ಊದುವ, ಗಟ್ಟಿ ರಬ್ಬರಿನ ಕರಿ ತುಂಡಿಗೆ ಮೌತ್‌ಪೀಸ್ ಅನ್ನುತ್ತಾರೆ. ಅದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಾದ ಹೋಗಿ ಕಿರುಚಾಟ ಶುರುವಾಗುತ್ತದೆ. ಉಜ್ಜಿ ಸರಿಮಾಡುವವರು ನಮ್ಮ ಸುತ್ತಮುತ್ತ ಒಬ್ಬರೇ, ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ತಾಜ್ ಪಾಷಾ.

ಹತ್ತು ವರ್ಷದಿಂದ ಪಾಷಣ್ಣನೇ ಮಾಡಿಕೊಡುವುದು. ಆದರೆ ಇವರದೊಂದು ಷರತ್ತು. ರಿಪೇರಿ ಮಾಡಬೇಕು, ಬಾಯಿಗಿಡಬಾರದು. ಎಂಜಲಾಗುತ್ತದಂತೆ! ಊದಿ ನೋಡದೆ ಸರಿಯಾಯಿತೋ ಇಲ್ಲವೋ ಹೇಗೆ ತಿಳಿಯಬೇಕು? ಪಾಷಣ್ಣ ನಗುತ್ತಲೇ ಒಪ್ಪಿಕೊಂಡಿದ್ದರು. ಬೆಳಕಿಗೆ ಹಿಡಿದು ಕಣ್ಣಂದಾಜಿನಲ್ಲೇ ಉಜ್ಜಿಕೊಡುತ್ತಿದ್ದರು.

ಹೋದ ತಿಂಗಳು ರಾಮನಗರದ ಒಂದು ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಇವರ ಕ್ಲಾರಿಯೋನೆಟ್ ಕುಯ್ಯೋ ಅಂದುಬಿಟ್ಟಿತು. ಮದುಮಗಳೇ ನಕ್ಕಳು. ಓಲಗದ ತಂಡ ನಡೆಸುವ ಬಾಲರಾಜು ಮಾತ್ರ ನಗಲಿಲ್ಲ. ಬರುವ ಭಾನುವಾರ ಬಿಡದಿಯ ಮದುವೆಯಲ್ಲೂ ಹೀಗೇ ಆದರೆ ಸ್ಯಾಕ್ಸೋಫೋನಿನವನನ್ನು ಕರೆಸುತ್ತೇನೆ, ನೀವು ಮನೆಯಲ್ಲಿರಿ ಅಂದ. ಅವತ್ತಿನಿಂದ ಇವರು ಅನ್ನ ಬಿಟ್ಟರು, ಅನುಮಾನ ಬಿಡಲಿಲ್ಲ. ಪಾಷಾ ಕದ್ದು ಊದುತ್ತಿದ್ದಾನೆ, ಕಂಡವರ ಕೈಲೂ ಊದಿಸುತ್ತಿದ್ದಾನೆ, ಅದಕ್ಕೇ ಕೆಟ್ಟಿದೆ ಅಂತ ಒಂದೇ ರಾಗ. ನೀವೇ ಹೋಗಿ ಎದುರಿಗೆ ಊದಿ ಸರಿಮಾಡಿಸಿಕೊಳ್ಳಿ ಅಂದೆ. ಅಲ್ಲಿ ಕಿರುಚಿದರೆ ಬೀದಿಯವರಿಗೆಲ್ಲ ಕೇಳಿಸುತ್ತದಂತೆ. ಕೊನೆಗೆ ಒಂದು ಬಟ್ಟೆಯಲ್ಲಿ ಅದನ್ನು ಸುತ್ತಿಕೊಟ್ಟು ನನ್ನನ್ನೇ ಕಾವಲಿಗೆ ಕಳಿಸಿದರು.

"ಅವನ ಮುಂದೇ ಕುಂತ್ಕೊ. ಕಣ್ಣು ಅತ್ಲಾಗಿತ್ಲಾಗೆ ಆಡಿಸ್ಬ್ಯಾಡ," ಅಂದರು.

ಚನ್ನಪಟ್ಟಣದಲ್ಲಿ ಪಾಷಣ್ಣ ಮೌತ್‌ಪೀಸಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಏನೋ ಅಂಟಿದಂತೆ ಬೆರಳಿಗೆ ಬೆರಳು ತಿಕ್ಕಿ ನೋಡಿಕೊಂಡು, ಕೆಲಸಕ್ಕೆ ಕೂತರು. ಗಾಜಿನ ಮೇಲೆ ಪಾಲಿಶ್ ಪೇಪರ್ ಹಾಸಿ, ಮೌತ್‌ಪೀಸಿನ ಚಪ್ಪಟೆ ಭಾಗವನ್ನು ಮೆಲ್ಲಗೆ ಎಳೆಯುವುದು, ಬೆಳಕಿಗೆ ಹಿಡಿಯುವುದು, ತಲೆ ಆಡಿಸುವುದು. ಒಮ್ಮೆ ಅವರು ಕಿಟಕಿಯ ಕಡೆ ತಿರುಗಿ ಬೆನ್ನು ಹಾಕಿದಾಗ ನಾನು ಎದ್ದು ಇಣುಕಿದೆ. ನನಗೂ ಆ ರೋಗ ಅಂಟಿತ್ತು ನೋಡಿ. ಪಾಷಣ್ಣ ನೋಡಿದರು, ಸ್ಟೂಲನ್ನು ನನಗೆ ಕಾಣುವ ಹಾಗೆ ತಿರುಗಿಸಿಕೊಂಡು ಕೂತರು. ನಾಚಿಕೆಯಾಯಿತು.

"ಸಾರು ಮಾಡು, ಉಪ್ಪು ನೋಡ್ಬ್ಯಾಡ ಅಂದ್ರೆ ಹೆಂಗೆ ಗೌರಮ್ಮ?" ಅಂದರು. "ಕಣ್ಣಿಗೆ ಎಲ್ಲಾ ಸರಿಯಾಗೇ ಐತೆ. ರುದ್ರಯ್ಯನೋರು ಇದನ್ನ ಹೆಂಗೆ ಕಚ್ಕೊತಾರೋ, ಅದು ನಂಗೊತ್ತಿಲ್ಲ."

ಅದು ನನಗೆ ಗೊತ್ತಿತ್ತು. ಶಿವರಾತ್ರಿಯ ಸುಮಾರಿಗೆ ಇವರ ಎಡಗಡೆಯ ಮೇಲ್ಹಲ್ಲು ಬಿದ್ದಿತ್ತು. ಬಾಲರಾಜುಗೆ ಗೊತ್ತಾದೀತು ಅಂತ ಯಾರಿಗೂ ಹೇಳಿರಲಿಲ್ಲ. ಆಗಿನಿಂದ ಕತ್ತು ಓರೆ ಮಾಡಿ ಬಲಗಡೆಯಲ್ಲೇ ಕಚ್ಚಿಕೊಂಡು ಊದುತ್ತಾರೆ. ಇವರು ಹೊರಗೆ ಹೋದಾಗ ನಾನು ಪೊರಕೆ ಹಿಡಿದು ಹಾಗೇ ಅಣಕಿಸಿ ಪಕ್ಕದ ಮನೆಯವರನ್ನು ನಗಿಸುತ್ತಿದ್ದೆ.

ಕೊಡಿ ಇಲ್ಲಿ ಅಂದೆ. ಪಾಷಣ್ಣ ಗಾಬರಿಯಾಗಿ ಕೈ ಹಿಂದಕ್ಕೆಳೆದುಕೊಂಡರು.

"ನಿಮ್ ಬಾಯಿ ತಾನೆ ಬ್ಯಾಡ ಅಂದಿರೋದು? ನನ್ದಲ್ವಲ್ಲ," ಅಂದೆ.

ಬಾಯಲ್ಲೇನೋ ಅಂದುಬಿಟ್ಟೆ. ಗಂಡ ಉಂಡ ಎಲೆಯಲ್ಲಿ ನಾನು ಎಷ್ಟೋ ವರ್ಷ ಉಂಡಿದ್ದೇನೆ. ಹೆಂಡತಿ ಬಾಯಿಗಿಟ್ಟದ್ದನ್ನು ಗಂಡ ಬಾಯಿಗಿಡುವುದು ನಮ್ಮ ಮನೆಯಲ್ಲಿ ಯಾವತ್ತೂ ನಡೆದಿಲ್ಲ. ಆದರೂ ಕತ್ತು ಓರೆ ಮಾಡಿ ಕಚ್ಚಿಕೊಂಡೆ.

ಥೂ, ಕಹಿ! ನಾಲಿಗೆಯಿಂದ ಗಂಟಲವರೆಗೆ ಕಹಿ. ಬೆಳಿಗ್ಗೆ ನಮ್ಮ ಕುಂಡದಲ್ಲಿ ಲೋಳೆಸರದ ಒಂದು ಎಲೆ ಮುರಿದಿದ್ದನ್ನು ಕಂಡಿದ್ದು ಆಗ ನೆನಪಾಯಿತು. ಮಕ್ಕಳಿಗೆ ಎದೆಹಾಲು ಬಿಡಿಸಲು ಹಚ್ಚುತ್ತೇವಲ್ಲ, ಅದೇ. ಪಾಷಣ್ಣನನ್ನು ಹಿಡಿಯಲು ಇವರು ಹಚ್ಚಿದ್ದಾರೆ, ಸರಿ. ಹಾಗಿದ್ದರೆ ನನ್ನನ್ನು ಯಾಕೆ ಕಳಿಸಿದರು? ನನ್ನ ಕಣ್ಣನ್ನೂ ನಂಬಲಿಲ್ಲ ಅಂತಾಯಿತು. ಮೈಯೆಲ್ಲ ಉರಿದುಹೋಯಿತು. ಮುಖ ಯಾಕೆ ಹಾಗಾಯಿತು ಅಂತ ಪಾಷಣ್ಣ ಕೇಳಿದರು. ರಬ್ಬರ್ ವಾಸನೆ ಅಂದು ಕಹಿ ನುಂಗಿದೆ, ಊದಿದೆ.

ಕಿರುಚಿತು. ಪಾಷಣ್ಣ ನನ್ನ ಓರೆ ಕತ್ತನ್ನು ನೋಡಿದರು, ಬಲಗಡೆಯ ಅಂಚನ್ನು ಒಂದಿಷ್ಟು ಉಜ್ಜಿ ಕೊಟ್ಟರು. ಮತ್ತೆ ಊದಿದೆ, ಮತ್ತೆ ಉಜ್ಜಿದರು. ಒಳಗಿನಿಂದ ಅವರ ಹೆಂಡತಿ ಅಮೀರುನ್ನೀಸಾ ಬಂದು ನಿಂತು ನಗತೊಡಗಿದರು. ಕೊನೆಗೊಮ್ಮೆ ನಾದ ನೆಟ್ಟಗೆ ಬಂತು.

ಮನೆಗೆ ಬಂದರೆ ಇವರು ನನಗೆ ನೀರು ಬೇಕೇ ಅಂತಲೂ ಕೇಳಲಿಲ್ಲ. ಮೌತ್‌ಪೀಸನ್ನು ಕಿಟಕಿಗೆ ಹಿಡಿದು ಹೊರಳಿಸಿ ನೋಡಿದರು.

"ಬಾಯಿಗಿಟ್ಟವ್ನೆ. ಹಚ್ಚಿದ್ದೆಲ್ಲಾ ಹೋಗೈತೆ. ನೀನು ಸುಮ್ನೆ ನೋಡ್ಕೊಂಡು ಕುಂತಿದ್ದೀಯ," ಅಂದವರೇ ಪಾಷಣ್ಣನನ್ನು ಬೈಯಲು ಫೋನ್ ಎತ್ತಿಕೊಂಡರು.

"ಫೋನ್ ಇಡಿ," ಅಂದೆ. "ನೀವು ಹಚ್ಚಿದ್ದ ಲೋಳೆಸರ ನೆಕ್ಕಿದ್ದು ನಾನು. ಅವರ ತುಟಿ ಯಾವತ್ತೂ ತಾಕಿಲ್ಲ. ಕಾವಲಿಗೆ ಅಂತ ಕಳ್ಸಿ, ಕಾವಲಿನೋಳ್ಗೂ ಕಾವಲು ಇಟ್ರಲ್ಲ ನೀವು."

ಬಿದ್ದ ಹಲ್ಲು, ಓರೆ ಕತ್ತು, ಪೊರಕೆಯ ಅಣಕ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಳು ಬಂತು, ಅತ್ತುಬಿಟ್ಟೆ. ಇವರು ಮೌತ್‌ಪೀಸ್ ಹಿಡಿದು ನಲ್ಲಿಯ ಹತ್ತಿರ ಹೋದರು. ನಲ್ಲಿಯ ಮೇಲೆ ಕೈಯಿಟ್ಟು ನಿಂತೇ ಇದ್ದರು. ತಿರುಗಿಸಲಿಲ್ಲ. ವಾಪಸು ಬಂದು, ಕ್ಲಾರಿಯೋನೆಟ್‌ಗೆ ಜೋಡಿಸಿ, ನಾನು ಅಣಕಿಸುವ ಹಾಗೆಯೇ ಕತ್ತು ಓರೆ ಮಾಡಿ ಊದಿದರು. ತಾಳಿಯ ಹೊತ್ತಿಗೆ ಮಾನ ಕಳೆದಿದ್ದ ಆ ಎತ್ತರದ ಸ್ವರಕ್ಕೂ ಹೋದರು. ಎಲ್ಲೂ ಕಿರುಚಲಿಲ್ಲ.

"ಒಸಿ ಕಹಿ ಐತೆ," ಅಂದರು ತುಟಿ ಒರೆಸಿಕೊಳ್ಳುತ್ತಾ.

"ನಂಗೂ ಹಂಗೇ ಇತ್ತು," ಅಂದೆ.

ಆಮೇಲೆ ತಾವಾಗಿಯೇ ಪಾಷಣ್ಣನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಇನ್ನು ಮೇಲೆ ನೀವೇ ಊದಿ ನೋಡಿ ಮಾಡಿಕೊಡಿ ಅಂದರು.

"ನಿಜವಾಗ್ಲೂ ಹೇಳ್ತಿದ್ದೀರಾ ರುದ್ರಯ್ಯನೋರೆ," ಅಂದರು ಪಾಷಣ್ಣ, "ಇಲ್ಲಾ, ಈ ಮಾತಿಗೂ ಏನಾರ ಹಚ್ಚಿದ್ದೀರಾ?"

ಇವರು ಫೋನನ್ನು ನನ್ನ ಕೈಗೆ ಕೊಟ್ಟರು.