ಎಡಗಡೆ ಲೈಲ್ ಇದ್ದ

ನನ್ನ ಅಣ್ಣ ಹಾಲಿಸ್ ಕ್ರೌಡರ್ ಬಹಳ ವರ್ಷ ಟ್ರಕ್ ರೇಸಿನಲ್ಲಿ ಗಾಡಿ ಓಡಿಸಿದವನು. ಪಿಕಪ್ ಟ್ರಕ್ಕಿನ ಮೈ ಹೊದಿಸಿದ ಆ ರೇಸಿನ ಗಾಡಿಗಳಲ್ಲಿ ಕೂತವನಿಗೆ ಅಕ್ಕಪಕ್ಕ ಕಾಣುವುದು ಅಷ್ಟಕ್ಕಷ್ಟೇ. ತಲೆಯ ಎರಡೂ ಕಡೆ ಗಟ್ಟಿ ಆಸರೆ, ಮೇಲೆ ಹೆಲ್ಮೆಟ್ಟು. ಕತ್ತು ಹೊರಳಿಸಲಿಕ್ಕೂ ಜಾಗವಿರುವುದಿಲ್ಲ. ಅದಕ್ಕೇ ಪ್ರತಿ ತಂಡವೂ ಒಬ್ಬರನ್ನು ಗ್ಯಾಲರಿಯ ತಾರಸಿ ಮೇಲೆ ನಿಲ್ಲಿಸಿರುತ್ತದೆ. ಒಳಗಡೆ ಒಬ್ಬ ಬಂದ, ಹೊರಗಡೆ ಒಬ್ಬ ಬಂದ, ಈಗ ಯಾರೂ ಇಲ್ಲ ಎಂದು ಅವರು ರೇಡಿಯೋದಲ್ಲಿ ಹೇಳುತ್ತಾ ಹೋಗಬೇಕು. ಹಾಲಿಸನಿಗೆ ಹಾಗೆ ಹೇಳುತ್ತಿದ್ದವಳು ನಾನು, ವರ್ನಾ. ಇದೆಲ್ಲ ನಡೆದ ವರ್ಷ ತಾರಸಿ ಮೇಲೆ ನಿಲ್ಲುತ್ತಿದ್ದ ಹೆಂಗಸು ನಾನೊಬ್ಬಳೇ.

ವಸಂತದಲ್ಲಿ ಮಾರ್ಟಿನ್ಸ್‌ವಿಲ್‌ನ ರೇಸಿನಲ್ಲಿ ಬ್ರೇಕು ಕೈಕೊಟ್ಟು ಹಾಲಿಸ್ ನೇರ ಗೋಡೆಗೆ ಹೋಗಿ ಬಡಿದ. ಗಾಡಿ ಮುದ್ದೆಯಾಯಿತು. ವೈದ್ಯರು ಅವನನ್ನು ತಿರುಗಿಸಿ ಮುರುಗಿಸಿ ನೋಡಿ ಏನೂ ಆಗಿಲ್ಲ ಎಂದು ಬಿಟ್ಟರು. ಹೊರಗೆ ಬಂದವನೇ ಅಲ್ಲಿ ಮಾರುವ ಕೆಂಪು ಹಾಟ್‌ಡಾಗ್ ತರಿಸಿಕೊಂಡು ತಿಂದ. ನಾನೂ ನಿರಾಳವಾದೆ.

ಅದಾದ ಮೇಲೆ ಅವನ ಓಟವೇ ಬದಲಾಯಿತು. ಅಲ್ಲಿಯವರೆಗೆ ನಾನು ಎರಡು ಮಾತು ಹೆಚ್ಚು ಆಡಿದರೆ ಬೈಯುತ್ತಿದ್ದವನು ಈಗ ನನ್ನ ಬಾಯಿ ಮುಚ್ಚಲು ಬಿಡುತ್ತಿರಲಿಲ್ಲ.

"ಮಾತಾಡ್ತಾನೇ ಇರು ವರ್ನಾ. ಉಸಿರು ತಗೋಬೇಕಾದ್ರೂ ನನಗೆ ಹೇಳಿ ತಗೋ."

"ಇಬ್ರು ಹೆಂಡ್ತೀರ ಮಾತೂ ಕೇಳ್ದೇ ಇದ್ದೋನಿಗೆ ಈಗೇನೋ ಬಂತು?"

"ಅವರ ಬಾಯಿಗೆ ಗುಂಡಿ ಇರ್ಲಿಲ್ಲ ಕಣೆ. ಒತ್ತಿದ್ರೆ ನಿಲ್ಲೋ ಹಾಗಿದ್ದಿದ್ರೆ ಕೇಳ್ತಿದ್ದೆ."

ಟೆಕ್ಸಸ್‌ನಲ್ಲಿ ಗೆದ್ದ. ಷಾರ್ಲಟ್‌ನಲ್ಲಿ, ನಮ್ಮ ಮನೆಯಂಗಳವೆನ್ನಬಹುದಾದ ಟ್ರ್ಯಾಕಿನಲ್ಲಿ, ಗೆದ್ದ. ತಂಡದ ಯಜಮಾನ ಆರ್ವಿನ್ ಸೆಕ್ರೆಸ್ಟ್ ಕುಣಿದುಬಿಟ್ಟ. ಕಳೆದ ವರ್ಷ ಹಾಲಿಸನನ್ನು ಬಿಟ್ಟು ಯಾರಾದರೂ ಹೊಸ ಹುಡುಗನನ್ನು ಹಾಕಿಕೊಳ್ಳಬೇಕೆಂದಿದ್ದವನು ಅವನು. "ನಲವತ್ತು ಹತ್ರ ಬಂದ್ಮೇಲೆ ನಿಮ್ಮಣ್ಣಂಗೆ ಬುದ್ಧಿ ಬಂತು ನೋಡು," ಎಂದು ನನ್ನ ಬೆನ್ನು ತಟ್ಟಿದ.

ಬೇಸಿಗೆಯಲ್ಲಿ ಲೈಲ್ ಪ್ರೂಯಿಟ್‌ನ ಅಪಘಾತವಾಯಿತು.

ಲೈಲ್ ಜಾರ್ಜಿಯಾದವನು, ಇನ್ನೂ ಎಳೆಯ, ಸೂಜಿ ತೂರುವಷ್ಟು ಸಂದಿ ಕಂಡರೂ ಗಾಡಿ ತೂರಿಸುವವನು. ಹಿಂದಿನ ರೇಸಿನ ಕೊನೆಯ ಸುತ್ತಿನಲ್ಲಿ ಹಾಲಿಸನ ಗಾಡಿಗೆ ಹಿಂದಿನಿಂದ ಗುದ್ದಿ, ಪಕ್ಕಕ್ಕೆ ತಳ್ಳಿ ಗೆದ್ದಿದ್ದ. ರೇಸು ಮುಗಿದ ಮೇಲೆ ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತ್ತು. ನ್ಯಾಷ್‌ವಿಲ್‌ನಲ್ಲಿ ಅವನು ಮತ್ತೆ ಒಳಗಡೆಯಿಂದ, ಹಾಲಿಸನ ಎಡಕ್ಕೆ, ಗಾಳಿಯ ಹಾಗೆ ನುಗ್ಗಿದ. "ಒಳಗೆ! ಒಳಗೆ!" ಎಂದು ಕೂಗಿದೆ. ನನ್ನ ಮಾತು ಮುಗಿಯುವುದರೊಳಗೆ ಹಾಲಿಸ್ ಗಾಡಿಯನ್ನು ಎಡಕ್ಕೆ ಎಳೆದೇಬಿಟ್ಟಿದ್ದ. ಲೈಲನ ಟ್ರಕ್ಕು ಗಿರಗಿರನೆ ತಿರುಗಿ, ಮೇಲಕ್ಕೆ ಹಾರಿ, ಚಾಲಕನ ಬಾಗಿಲಿನ ಕಡೆಯಿಂದಲೇ ಗೋಡೆಗೆ ಅಪ್ಪಳಿಸಿತು.

ಅವನ ಸೊಂಟದ ಮೂಳೆ ಒಡೆಯಿತು, ತೊಡೆ ಮುರಿಯಿತು. ಗಾಡಿಯ ಮೇಲ್ಛಾವಣಿ ಕತ್ತರಿಸಿ ಅವನನ್ನು ಹೊರಗೆ ತೆಗೆಯುವಾಗ ಗ್ಯಾಲರಿಯ ಜನ ಹಾಲಿಸನತ್ತ ಬಿಯರ್ ಡಬ್ಬಿ ಎಸೆಯುತ್ತಿದ್ದರು. ಟೀವಿಯವರು ಮೈಕು ಹಿಡಿದಾಗ ಅವನು ಹೇಳಿದ್ದು ಇಷ್ಟು: "ಅಲ್ಲಿ ಜಾಗ ಇರ್ಲಿಲ್ಲ. ಇಲ್ದೇ ಇರೋ ಜಾಗಕ್ಕೆ ನುಗ್ಗಿದೋರು ಅನುಭವಿಸ್ತಾರೆ."

ನನ್ನ ಕಿವಿಯನ್ನು ನಾನೇ ನಂಬದಾದೆ. ಚಿಕ್ಕಂದಿನಲ್ಲಿ ಕಾರಿಗೆ ಸಿಕ್ಕಿದ ಅಳಿಲನ್ನು ಮಣ್ಣು ಮಾಡಿ ಅತ್ತವನು ಅವನು. ಊರಿಗೆ ಹಿಂದಿರುಗುವ ದಾರಿಯಲ್ಲಿ ಕೇಳಿದೆ, "ನಾನು ಕೂಗಿದ್ದು ಕೇಳಿಸ್ತು ತಾನೇ?"

"ಕೇಳಿಸ್ತು."

"ಮತ್ತೆ ಬೇಕಂತಲೇ ಮಾಡಿದ್ಯಾ?"

"ಮಾಡ್ದೆ ಅಂದ್ಕೋ."

ಅಧಿಕಾರಿಗಳು ದಂಡ ಹಾಕಿ ಅಂಕ ಕಡಿತ ಮಾಡಿದರು. ಹಾಲಿಸ್ ತಲೆಯಾಡಿಸಿ ಒಪ್ಪಿಕೊಂಡ. ನಾನು ಭಾನುವಾರದ ಊಟಕ್ಕೆ ಅವನ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ತಾರಸಿ ಮೇಲೆ ನಿಂತು ನನ್ನ ಕೆಲಸ ನಾನು ಮಾಡುತ್ತಿದ್ದೆ, ರೇಡಿಯೋ ತೆಗೆದಿಟ್ಟ ಮೇಲೆ ಒಂದು ಮಾತೂ ಆಡುತ್ತಿರಲಿಲ್ಲ. ಇಡೀ ವರ್ಷದ ಪ್ರಶಸ್ತಿಗೆ ಸೆಣಸುವ ಕೆಲವೇ ಜನರಲ್ಲಿ ಅವನೂ ಉಳಿದುಕೊಂಡಿದ್ದ. ಮೈಕಿನಲ್ಲಿ ಅವನ ಹೆಸರು ಹೇಳಿದಾಗೆಲ್ಲ ಜನ ಛೀ ಎಂದು ಕೂಗುತ್ತಿದ್ದರು.

ಶರತ್ಕಾಲಕ್ಕೆ ಅಲಬಾಮಾದ ಟಾಲಡೇಗಕ್ಕೆ ಬಂದೆವು. ಅಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು, ಮೂರು ಸಾಲಾಗಿ, ಉಸಿರು ಬಿಗಿಹಿಡಿಯುವ ವೇಗದಲ್ಲಿ ಓಡುತ್ತವೆ. ರೇಸಿನ ಅರ್ಧ ಕಳೆದಿತ್ತು, ಹಾಲಿಸ್ ಎಲ್ಲರಿಗಿಂತ ಮುಂದಿದ್ದ.

"ವರ್ನಾ, ಏನಾದ್ರೂ ಹೇಳು," ಎಂದ.

ನಾನು ಹೇಳುತ್ತಲೇ ಇದ್ದೆ.

"ವರ್ನಾ? ಕೇಳಿಸ್ತಾ ಇಲ್ಲ."

ನಾನು ಕೂಗಿದೆ. ಪಕ್ಕದಲ್ಲಿದ್ದವನ ರೇಡಿಯೋ ಕಸಿದುಕೊಂಡು ನಮ್ಮ ತಂಡದ ಅಲೆಗೆ ತಿರುಗಿಸಿ ಕೂಗಿದೆ. ಅವನ ದನಿ ನನಗೆ ಸ್ಪಷ್ಟವಾಗಿ ಬರುತ್ತಿತ್ತು, ನನ್ನದು ಅವನಿಗೆ ಮುಟ್ಟುತ್ತಿರಲಿಲ್ಲ.

"ವರ್ನಾ!" ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ದನಿ ಅದು. ನನ್ನ ಅಣ್ಣ ಹಾಗೆ ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಆಮೇಲೆ ನಡೆದದ್ದನ್ನು ನೋಡಿ ತಾರಸಿ ಮೇಲಿದ್ದವರೆಲ್ಲ ಒಟ್ಟಿಗೇ "ಅಯ್ಯೋ" ಎಂದರು. ಎಲ್ಲರಿಗಿಂತ ಮುಂದಿದ್ದ ಗಾಡಿ, ಗೀರೂ ಬೀಳದ ಗಾಡಿ, ಬಲಕ್ಕೆ ಸರಿದು ಹೊರಗಿನ ಗೋಡೆಗೆ ಮೈ ತಾಗಿಸಿಕೊಂಡು ನಿಧಾನವಾಯಿತು. ಹಿಂದಿನವರು ಅದರ ಪಕ್ಕದಲ್ಲಿ ಸಿಡಿದು ಚದುರಿ ಹಾದುಹೋದರು. ಒಬ್ಬರಿಗೂ ತಾಗದಿದ್ದದ್ದು ಹೇಗೆಂದು ನನಗೆ ಇಂದಿಗೂ ತಿಳಿಯದು. ಎಲ್ಲರೂ ನಿಧಾನಿಸಬೇಕೆಂಬ ಹಳದಿ ಬಾವುಟ ಬಂತು. ಗೋಡೆಯ ಬುಡದಲ್ಲಿ ಹಾಲಿಸನ ಟ್ರಕ್ಕು ನಿಂತೇಬಿಟ್ಟಿತ್ತು.

ಮೆಟ್ಟಿಲಿಳಿದು, ಸುರಂಗ ದಾಟಿ ನಾನು ಒಳಮೈದಾನ ಮುಟ್ಟುವ ಹೊತ್ತಿಗೆ ಗಾಡಿಯನ್ನು ಗ್ಯಾರೇಜಿಗೆ ಎಳೆತಂದಿದ್ದರು. ಹಾಲಿಸ್ ಕೆಳಗಿಳಿದಿರಲಿಲ್ಲ. ಆರ್ವಿನ್ ಇನ್ನೊಂದು ಹೆಲ್ಮೆಟ್ ಹಿಡಿದುಕೊಂಡು ಎಗರಾಡುತ್ತಿದ್ದ.

"ಕಿವಿಯ ರೇಡಿಯೋ ತಂತಿ ಕಿತ್ತೋಗಿದೆ, ಅಷ್ಟೇ! ಅದಕ್ಯಾಕೆ ಗೆಲ್ಲೋ ರೇಸು ಕೈಬಿಟ್ಟೆ? ತಲೆ ಕೆಟ್ಟಿದ್ಯೇನೋ ನಿಂಗೆ?"

ನಾನು ಗಾಡಿಯ ಎಡಗಡೆ, ಚಾಲಕನ ಕಿಟಕಿಯ ಹತ್ತಿರ ಹೋಗಿ ನಿಂತೆ. ಹೆಲ್ಮೆಟ್ಟು ತೆಗೆದಿದ್ದ, ಮುಖವೆಲ್ಲ ಬೆವರು. ಕೈ ಚಾಚಿದರೆ ಅವನ ಕೆನ್ನೆ ಮುಟ್ಟಬಹುದಿತ್ತು. ಅವನು ಎದುರಿನ ಗಾಜನ್ನೇ ನೋಡುತ್ತಾ, "ವರ್ನಾ ಎಲ್ಲಿ? ವರ್ನಾನ ಕರೀರಿ," ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನ ಎಡಗಣ್ಣಿನ ಪಕ್ಕದಲ್ಲಿ ಕೈಯಾಡಿಸಿದೆ. ರೆಪ್ಪೆ ಅಲುಗಲಿಲ್ಲ.

"ವರ್ನಾ ಇನ್ನೂ ಬರ್ಲಿಲ್ವಾ?" ಎಂದು ಮತ್ತೆ ಕೇಳಿದ.

"ಇಲ್ಲೇ ಇದ್ದೀನಿ ಹಾಲಿಸ್," ಎಂದೆ.

ಅವನು ಬೆಚ್ಚಿದ. ನಿಧಾನವಾಗಿ ಮುಖವನ್ನೆಲ್ಲ ನನ್ನ ಕಡೆ ಹೊರಳಿಸಿ ಬಲಗಣ್ಣಿನಿಂದ ನೋಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಯಾವಾಗಿಂದ?"

"ಮಾರ್ಟಿನ್ಸ್‌ವಿಲ್ ಆದ್ಮೇಲೆ. ಅವತ್ತು ಚೆನ್ನಾಗೇ ಇತ್ತು. ಒಂದೆರಡು ವಾರ ಆದ್ಮೇಲೆ ಎಡಗಣ್ಣಲ್ಲಿ ಮಿಂಚು ಹೊಡ್ದಂಗೆ ಆಗೋಕೆ ಶುರುವಾಯ್ತು. ಆಮೇಲೆ ಪರದೆ ಇಳಿಬಿಟ್ಟಂಗೆ. ಈಗ ಅದ್ರಲ್ಲಿ ಏನೂ ಕಾಣ್ಸಲ್ಲ."

"ಅಷ್ಟೊಂದು ರೇಸು..."

"ನೀನು ಹೇಳ್ತಿದ್ಯಲ್ಲ. ನೀನು ಹೇಳಿದ್ದು ಸಾಕಾಗ್ತಿತ್ತು."

ಟೆಕ್ಸಸ್, ಷಾರ್ಲಟ್, ಮಿಕ್ಕ ಎಲ್ಲ ಊರುಗಳೂ ಕಣ್ಣಮುಂದೆ ಬಂದವು. ತಾರಸಿ ಮೇಲೆ ನಾನು ಬಿಸಿಲಿಗೆ ಕಣ್ಣು ಕಿವುಚಿದ್ದು, ಸೀನಿದ್ದು, ಪಕ್ಕದವನ ಮಾತಿಗೆ ನಕ್ಕದ್ದು. ಆ ಒಂದೊಂದು ಗಳಿಗೆಯಲ್ಲೂ ಇವನು ಕತ್ತಲೆಯ ಪಕ್ಕಕ್ಕೆ ಗಾಡಿ ಹೊರಳಿಸುತ್ತಿದ್ದ. ಆಗ ನನಗೆ ಇನ್ನೊಂದು ಹೊಳೆಯಿತು.

"ಲೈಲ್?"

ಅವನು ಮುಖವನ್ನು ಮತ್ತೆ ಎದುರಿನ ಗಾಜಿನ ಕಡೆ ತಿರುಗಿಸಿದ.

"ಹಾಲಿಸ್, ಲೈಲ್ ಬಂದಿದ್ದು ನಿಂಗೆ ಕಾಣಿಸ್ತಾ?"

"ಇಲ್ಲ. ನೀನು 'ಒಳಗೆ' ಅನ್ನೋ ಹೊತ್ತಿಗೆ ತಿರುಗಿಸಿ ಆಗಿತ್ತು."

"ಬೇಕಂತ ಮಾಡ್ದೆ ಅಂದ್ಯಲ್ಲೋ! ನನ್ನ ಹತ್ರಾನೂ ಹಾಗೇ ಅಂದ್ಯಲ್ಲೋ!"

"ಕೆಟ್ಟೋನು ಅಂದ್ರೆ ದಂಡ ಹಾಕ್ತಾರೆ ವರ್ನಾ. ಕುರುಡ ಅಂದ್ರೆ ಮನೆಗೆ ಕಳಿಸ್ತಾರೆ."

ಆರ್ವಿನ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಟೈರುಗಳ ಮೇಲೆ ಕುಸಿದು ಕೂತು ಮುಖ ಉಜ್ಜಿಕೊಂಡ. ಪಾಪ, ಅವನಿಗೂ ಗರ ಬಡಿದಿದೆ ಎಂದುಕೊಂಡೆ. ಅವನು ತಲೆಯೆತ್ತಿ ಮೆಲ್ಲಗೆ ಹೇಳಿದ, "ಕೆಲವೇ ರೇಸು ಉಳಿದಿರೋದು. ಪ್ರಶಸ್ತಿಗೆ ಬೇಕಾದ ಅಂಕ ಇನ್ನೂ ಇದೆ. ನಮ್ಮ ಮೂವರನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮುಂದಿನ ಸಲ ಎರಡು ರೇಡಿಯೋ ಹಾಕೋಣ."

ಅವನ ಮನೆಯ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಟ್ಟವಳು ನಾನು. ಆ ಮನುಷ್ಯ ಹೀಗೆ ಮಾತಾಡಬಲ್ಲ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. "ನಾನು ಇನ್ನು ತಾರಸಿ ಹತ್ತಲ್ಲ," ಎಂದೆ.

"ಬೇರೆಯೋರು ಸಿಗ್ತಾರೆ."

ಹಾಲಿಸನನ್ನು ನೋಡಿದೆ. ಅವನು ಕೂಡಲೇ ಬೇಡವೆನ್ನಲಿಲ್ಲ. ಅವನ ಬಲಗಣ್ಣಿನಲ್ಲಿ ಆಸೆ ಓಡಾಡಿದ್ದನ್ನು ಕಂಡೆ. ಅವತ್ತು ನಾನು ನಿಜವಾಗಿ ಹೆದರಿದ್ದು ಆಗ. ಕೊನೆಗೆ ಅವನು ಕಿಟಕಿಯಿಂದ ತೆವಳಿ ಹೊರಬಂದ.

"ಇವಳಲ್ದೇ ಇನ್ಯಾರ ಬಾಯಿನೂ ನಂಬಿ ನಾನು ಎಡಕ್ಕೆ ತಿರುಗಿಸಲ್ಲ ಆರ್ವಿನ್," ಎಂದು ಅಧಿಕಾರಿಗಳು ಕೂರುವ ಕಡೆಗೆ ಹೊರಟ. ಎಡಗಡೆ ಇದ್ದ ಸಲಕರಣೆ ಪೆಟ್ಟಿಗೆಗೆ ಮೊಣಕಾಲು ಬಡಿಯಿತು. ನಾನು ಓಡಿಹೋಗಿ ಆ ಪಕ್ಕದಲ್ಲಿ ನಡೆದೆ.

ಅವರ ಮುಂದೆ ಎಲ್ಲ ಹೇಳಿಕೊಂಡ, ಅವನ ಪರವಾನಗಿ ಅಲ್ಲಿಗೆ ಮುಗಿಯಿತು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕುರ್ಚಿ ಹಿಂದಕ್ಕೆ ತಳ್ಳಿಕೊಂಡರು. ಮಿಂಚು ಕಂಡ ದಿನವೇ ಬಂದಿದ್ದರೆ ಉಳಿಸಬಹುದಿತ್ತು, ಈಗ ಮಾಡುವುದೇನೂ ಇಲ್ಲ ಎಂದರು. ಹಾಲಿಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದ.

"ಲೈಲ್‌ಗೆ ನಾನೇ ಹೇಳ್ಬೇಕು. ಟೀವಿಯಲ್ಲಿ ನೋಡಿ ಅವನಿಗೆ ಗೊತ್ತಾಗ್ಬಾರ್ದು," ಎಂದ.

ನಾನೇ ಕಾರು ಓಡಿಸಿಕೊಂಡು ಜಾರ್ಜಿಯಾಕ್ಕೆ ಕರೆದೊಯ್ದೆ. ಲೈಲನ ಹೆಂಡತಿ ಮಾರ್ಗೊ ಬಾಗಿಲು ತೆಗೆದವಳು ನಮ್ಮನ್ನು ಕಂಡು ಅಲ್ಲೇ ಅಡ್ಡ ನಿಂತಳು. "ಬಿಡು, ಬರ್ಲಿ," ಎಂದು ಒಳಗಿನಿಂದ ಲೈಲ್ ಕೂಗಿದ. ಸೊಂಟದ ಕೆಳಗೆ ದಿಂಬು ಒತ್ತಿಕೊಂಡು ಸೋಫಾದಲ್ಲಿ ಒರಗಿದ್ದ, ಹಿಡಿದುಕೊಂಡು ನಡೆಯುವ ಚೌಕಟ್ಟು ಪಕ್ಕದಲ್ಲಿತ್ತು. ಗಡ್ಡ ಬಿಟ್ಟಿದ್ದ. ನನಗೆ ಗುರುತೇ ಹತ್ತಲಿಲ್ಲ.

ಹಾಲಿಸ್ ನಿಂತುಕೊಂಡೇ ಎಲ್ಲ ಹೇಳಿದ. ಅವನು ಮುಗಿಸಿದ ಮೇಲೆ ಲೈಲ್ ದಿಂಬು ಸರಿಸಿ ನೆಟ್ಟಗೆ ಕೂತ.

"ಅಂದ್ರೆ ಬೇಕಂತ ಹೊಡೀಲಿಲ್ಲ."

"ಇಲ್ಲ."

"ಹೊಡ್ದಿದ್ರೇ ಚೆನ್ನಾಗಿತ್ತು ಮಾರಾಯ." ಅವನು ತೊಡೆಯ ಮೇಲೆ ಕೈಯಿಟ್ಟ. "ದಿನಾ ಬೆಳಿಗ್ಗೆ ಈ ಕಾಲು ಎತ್ತೋವಾಗ ನಿನ್ನ ಮುಖ ನೆನೆಸ್ಕೊಂಡು ಎತ್ತಿದ್ದೀನಿ. ಹಾಲಿಸ್ ಕ್ರೌಡರ್‌ಗೆ ನನ್ನ ಕಂಡ್ರೆ ಭಯ, ಅದಕ್ಕೇ ಹೀಗೆ ಮಾಡ್ದ ಅಂತ. ಈಗ ನೋಡಿದ್ರೆ ನಾನು ಅಲ್ಲಿದ್ದೆ ಅಂತಾನೇ ನಿಂಗೆ ಗೊತ್ತಿರ್ಲಿಲ್ಲ. ನನ್ನ ಸೊಂಟ ಮುರಿದಾಗ ನಿನ್ನ ಪಾಲಿಗೆ ಅಲ್ಲಿ ಯಾರೂ ಇರ್ಲಿಲ್ಲ!"

ಹಾಲಿಸ್ ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ, ಅದರಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ.

"ಸಾಕು, ಹೊರಡಿ," ಎಂದು ಮಾರ್ಗೊ ಬಾಗಿಲು ತೋರಿಸಿದಳು.

ಕಾರಿನಲ್ಲಿ ಅವನು ಅತ್ತ. ನಾನು ರಸ್ತೆಯನ್ನೇ ನೋಡುತ್ತಾ ಓಡಿಸಿದೆ.

ಆ ಚಳಿಗಾಲದಲ್ಲಿ ನಾನು ಆರ್ವಿನ್‌ನ ತಂಡ ಬಿಟ್ಟು, ಬೇಸಾಯದ ಸಾಮಾನು ಮಾರುವ ಅಂಗಡಿಗೆ ಸೇರಿಕೊಂಡೆ. ಹೊಸ ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಕೋಳಿ ಮೇವಿನ ಚೀಲ ಜೋಡಿಸುತ್ತಿದ್ದಾಗ ಫೋನು ಬಂತು.

"ಲೈಲ್ ಮಾತಾಡ್ತಿರೋದು. ಡೇಟೋನಾ ರೇಸಲ್ಲಿ ಓಡಿಸ್ತೀನಿ. ಡಾಕ್ಟರು ಒಪ್ಪಿದ್ದಾರೆ."

"ಸಂತೋಷ," ಎಂದೆ.

"ಅರ್ಧ ಕಣ್ಣಿನೋನನ್ನ ಇಡೀ ಬೇಸಿಗೆ ಬದುಕಿಸಿದೋಳು ನೀನು. ನಂಗೋಸ್ಕರ ತಾರಸಿ ಮೇಲೆ ನಿಲ್ತೀಯಾ?"

ಮೇವಿನ ಚೀಲದ ಮೇಲೆ ಹಾಗೇ ಕೂತುಬಿಟ್ಟೆ. ನನ್ನ ಬಾಯಿಂದ ಬಂದದ್ದು, "ಹಾಲಿಸ್‌ನ ಕೇಳ್ಬೇಕು," ಎಂಬ ಮಾತು.

"ಕೇಳು. ಮಾರ್ಗೊ ಕೂಡ ನಂಗೆ ಹುಚ್ಚು ಅಂತಿದ್ದಾಳೆ."

ಹಾಲಿಸನಿಗೆ ಹೇಳಿದಾಗ ಅವನು ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದ. ಕೈ ನಿಂತಿತು. ಆಮೇಲೆ, "ಹೋಗು. ಅವನು ಕಂಡ ಸಂದಿಗೆಲ್ಲ ತೂರ್ತಾನೆ. ಬೈದು ನಿಲ್ಸು," ಎಂದು ಮತ್ತೆ ಕಾಯಿ ಎತ್ತಿಕೊಂಡ.

ಡೇಟೋನಾದಲ್ಲಿ ಲೈಲ್ ಗೆಲ್ಲಲಿಲ್ಲ. ನಡುವಿನಲ್ಲೆಲ್ಲೋ ಮುಗಿಸಿದ, ತನ್ನ ಕಾಲಮೇಲೆ ತಾನೇ ಗಾಡಿಯಿಂದ ಇಳಿದ. ನಾನು ತಾರಸಿಯಿಂದ ಇಳಿಯುವಾಗ ಹಾಲಿಸನ ಫೋನು ಬಂತು. ಟೀವಿಯಲ್ಲಿ ನೋಡಿದೆ ಎಂದ. ರೇಸಿನ ಬಗ್ಗೆ ಏನೂ ಹೇಳಲಿಲ್ಲ.

"ಇಳಿಯೋವಾಗ ಅವನು ಕುಂಟಿದ್ನಾ?" ಎಂದು ಕೇಳಿದ.

"ಸ್ವಲ್ಪ," ಎಂದೆ.

ಅವನು ಫೋನು ಇಡಲಿಲ್ಲ. ನಾನೂ ಕಿವಿಗೆ ಹಿಡಿದುಕೊಂಡೇ ಜನರ ನಡುವೆ ನಡೆದೆ.