ಯಾವುದೋ ಹೊಳೆಯ ಹೆಸರು

ಬಿಂದುಮಾಧವರಾಯರು ಹದಿನಾರು ವರ್ಷ ಹೆಂಡತಿಯನ್ನು ಕರೆದದ್ದು ಒಂದೇ ಅಕ್ಷರದಿಂದ: "ಏ." ಚಹಾಕ್ಕೆ ಒಂದು ಏ, ಟವೆಲಿಗೆ ಒಂದು ಏ, ದೀಪ ಆರಿಸಿದ ಮೇಲೆ ತುಸು ಮೆತ್ತಗಿನ ಇನ್ನೊಂದು ಏ. ರೈಲ್ವೆ ಕಚೇರಿಯ ಹೆಡ್‌ಕ್ಲಾರ್ಕ್ ಆಗಿ ಧಾರವಾಡದಿಂದ ನಾಗಪುರಕ್ಕೆ ಬಂದು, ಮಹಾಲ್ ಪೇಟೆಯ ದೊಡ್ಡ ವಾಡೆಮನೆಯೊಂದರ ಮಾಳಿಗೆಯಲ್ಲಿ ಎರಡು ಖೋಲಿ ಹಿಡಿದ ಮೇಲೂ ಆ ವ್ಯಾಕರಣ ಬದಲಾಗಲಿಲ್ಲ.

ಅವಳಿಗೆ ಅವ್ವ ಇಟ್ಟ ಹೆಸರು ತುಂಗಾ. ಮದುವೆಯ ದಿನ, ಸೊಸೆಗೆ ಹೊಸ ಹೆಸರಿಡುವ ರೂಢಿಯಂತೆ, ರಾಯರು ಅಕ್ಕಿ ಹರವಿದ ತಾಟಿನಲ್ಲಿ ಉಂಗುರದಿಂದ 'ಕೃಷ್ಣವೇಣಿ' ಎಂದು ಬರೆದರು. ಅಲ್ಲಿಗೆ ತುಂಗಾ ಸತ್ತಳು, ಸೂತಕ ಮಾತ್ರ ಯಾರೂ ಹಿಡಿಯಲಿಲ್ಲ. ಹೊಸ ಹೆಸರಿನಿಂದಲೂ ಯಾರೂ ಕರೆಯಲಿಲ್ಲ. ಅತ್ತೆ 'ಸಣ್ಣಾಕಿ' ಎಂದಳು, ಗಂಡ 'ಏ' ಎಂದ. ಮರುದಿನ ಆ ಅಕ್ಕಿಯನ್ನೇ ಬೇಯಿಸಿ ಉಂಡರು. ಹೆಸರೂ ಅದರ ಜೊತೆ ಹೊಟ್ಟೆಗೆ ಹೋಗಿರಬೇಕು.

ದೇಶದ ಮೊದಲ ಚುನಾವಣೆಗೆ ಪಟ್ಟಿ ಬರೆಯಲು ಬಂದವನಿಗೆ ರಾಯರು 'ಬಿಂದುಮಾಧವನ ಹೆಂಡತಿ' ಎಂದಷ್ಟೇ ಬರೆಸಿ ಕಳಿಸಿದ್ದರು. ಹೆಸರಿಲ್ಲದ ಹೆಂಡಂದಿರನ್ನೆಲ್ಲ ಸರಕಾರ ಪಟ್ಟಿಯಿಂದ ಹೊಡೆದುಹಾಕಿತು. ಇಳಕಲ್ ಸೀರೆ ಉಟ್ಟು ಓಟು ಹಾಕಲು ಹೋದ ತುಂಗಾ, ಗಂಡ ದೇಶದ ಭವಿಷ್ಯ ನಿರ್ಧರಿಸಿ ಹೊರಗೆ ಬರುವ ತನಕ ಅವರ ಸೈಕಲ್ ಕಾಯುತ್ತ ನಿಂತಿದ್ದಳು. ಮುಂದಿನ ಪಟ್ಟಿಯಲ್ಲಿ ತಾನಿರಬೇಕು, ತುಂಗಾ ಆಗಿಯೇ ಇರಬೇಕು ಎಂದು ಅಲ್ಲಿ, ಆ ಸೈಕಲ್ಲಿನ ಪಕ್ಕದಲ್ಲಿ, ಹಟ ತೊಟ್ಟಳು.

ಐವತ್ತಾರರ ಒಂದು ರವಿವಾರ ಮುಂಜಾನೆ ಹೊಸ ಪಟ್ಟಿಯ ಕೆಲಸಕ್ಕೆ ಶಾಲೆಯ ಅಕ್ಕೋರು ಲೀಲಾಬಾಯಿ ದಪ್ಪ ವಹಿ ಹಿಡಿದು ಮಾಳಿಗೆ ಹತ್ತಿ ಬಂದಳು. ಸೋಲಾಪುರದವಳು, ಮರಾಠಿಯಷ್ಟೇ ಸಲೀಸು ಕನ್ನಡ. ರಾಯರ ಹೆಸರು ಬರೆದುಕೊಂಡು ಕೇಳಿದಳು, "ಮನಿಯವರ ಹೆಸರ್ರಿ?"

"ಬರಕೋರಿ, ಬಿಂದುಮಾಧವನ ಹೆಂಡತಿ."

"ಅದು ಹೆಸರಲ್ರಿ ರಾಯರ, ವಿಳಾಸ. ಹೆಸರಿಲ್ದ ಬರಕೋಬ್ಯಾಡ ಅಂತ ಹುಕುಂ ಅದ."

ಅಡುಗೆಮನೆಯ ಬಾಗಿಲಲ್ಲಿದ್ದ ತುಂಗಾ, "ನಾ ಹೇಳ್ತೀನ್ರಿ," ಎಂದಳು.

"ನೀ ಸುಮ್ನಿರು. ಯಜಮಾನ ನಾ ಕೂತೀನಲ್ಲ." ರಾಯರು ಬಾಯಿ ತೆರೆದರು. "ಇಕೀದು... ಯಾವುದೋ ಹೊಳೀ ಹೆಸರು ಅದ. ನಾನ ಇಟ್ಟಿದ್ದೆ."

"ಯಾವ ಹೊಳಿ?"

"ಗೋದಾವರಿ. ಅಲ್ಲ, ತಡೀರಿ, ಗೋದಾವರಿ ನಮ್ಮ ಸೋದರತ್ತಿ. ನರ್ಮದಾ ಇರಬೇಕು. ಇಲ್ಲಾ ಯಮುನಾ."

ತುಂಗಾ ಬಾಗಿಲಿಗೆ ಒರಗಿ ನಿಂತಳು. ಹದಿನಾರು ವರ್ಷದಲ್ಲಿ ಗಂಡ ತನ್ನನ್ನು ಇಷ್ಟು ದೂರ ಹುಡುಕಿಕೊಂಡು ಹೋದದ್ದು ಇದೇ ಮೊದಲು.

"ಹಿಂಗ ಹೊಂಟ್ರ ಸಿಂಧೂ ದಾಟಿ ಪಾಕಿಸ್ತಾನಕ್ಕ ಹೋಗ್ತೀರಿ," ಎಂದಳು ಲೀಲಾಬಾಯಿ. "ಅಲ್ಲಿ ನಂಗ ಡ್ಯೂಟಿ ಹಾಕಿಲ್ಲ."

"ಏ, ನಿನ್ನ ಹೆಸರು ಏನದ ಹೇಳ ಜಲ್ದಿ," ರಾಯರು ರೇಗಿದರು.

"ತುಂಗಾ."

"ಹಾಂ. ಹೊಳೀದು ಅಂತ ನಾ ಅನ್ನಲಿಲ್ಲೇನು?" ಆ ಹೊಳೆಯನ್ನು ತಾವೇ ತೋಡಿಸಿದವರಂತೆ ರಾಯರು ಹಿಂದಕ್ಕೆ ಒರಗಿದರು.

ಲೀಲಾಬಾಯಿ ಬರೆದಳು. ತುಂಗಾ ಹತ್ತಿರ ಬಂದು ಬಗ್ಗಿ ನೋಡಿದಳು. ಶಾಯಿ ಇನ್ನೂ ಹಸಿ ಇತ್ತು.

"ಕೃಷ್ಣವೇಣಿ," ಎಂದರು ರಾಯರು, ತಟ್ಟನೆ ನೆಟ್ಟಗೆ ಕೂತು. "ನಾ ಇಟ್ಟದ್ದು ಕೃಷ್ಣವೇಣಿ. ತುಂಗಾ ಅನ್ನೂದು ತವರುಮನೀ ಹೆಸರು. ಹೊಡೀರಿ ಅದನ್ನ."

ಲೀಲಾಬಾಯಿಯ ಪೆನ್ನು ನಿಂತಿತು. ತುಂಗಾ ಆ ಹಸಿ ಅಕ್ಷರದ ಪಕ್ಕ ಬೆರಳಿಟ್ಟಳು.

"ಹೊಡೀರಿ ಅಕ್ಕೋರ. ಆದ್ರ ಬಾಜೂಕ ಷರಾ ಬರೀರಿ. ಷರಾ ಇಲ್ದ ಏನೂ ಹೊಡೀಬಾರದು ಅಂತ ಇವರು ದಿನಾ ಊಟಕ್ಕ ಕೂತಾಗ ಹೇಳ್ತಾರ."

"ಬರೋಬರ್. ಏನಂತ ಬರೀಲಿ?"

"ಹದಿನಾರು ವರ್ಷ ಸಂಸಾರ ಮಾಡಿದ್ರೂ ಗಂಡಗ ಹೆಂಡತಿ ಹೆಸರು ನೆನಪಿರಲಿಲ್ಲ, ಅದಕ್ಕ ತಿದ್ದೀವಿ ಅಂತ. ಕೆಳಗ ಇವರ ಸಹಿ ಆಗ್ಲಿ."

ಲೀಲಾಬಾಯಿ ಮುಖ ಗಂಭೀರ ಮಾಡಿಕೊಂಡು ವಹಿಯನ್ನು ರಾಯರ ಕಡೆ ತಿರುಗಿಸಿ, ಮೇಲೆ ಪೆನ್ನು ಇಟ್ಟಳು.

ಎಷ್ಟೋ ಗುಮಾಸ್ತರ ಬಡ್ತಿಯನ್ನು ಒಂದೊಂದು ಸಾಲಿನ ಷರಾದಲ್ಲಿ ಕೊಂದ ಕೈ ಅದು. ಸರಕಾರಿ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲೆಲ್ಲಿ ಯಾರು ಓದಿ ನಗುತ್ತಾರೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ಅದು ಪೆನ್ನಿನ ತನಕ ಹೋಗಿ ಹಿಂದಕ್ಕೆ ಬಂತು.

"ಇರ್ಲಿ ಬಿಡ್ರಿ," ಎಂದರು ರಾಯರು. "ಎರಡೂ ನೀರ."

ಲೀಲಾಬಾಯಿ ವಹಿ ಮುಚ್ಚಿ ಎದ್ದಳು. "ತುಂಗಾಬಾಯಿ, ಕೆಳಗಿನ ಖೋಲಿಯಾಕಿ, ನಿಮ್ಮ ಕಡೆಯಾಕೀನ, ಬಾಗಲಾನ ತಗೀವಲ್ಲಳು. ಗಂಡ ಊರಿಂದ ಬಂದು ಹೆಸರು ಹೇಳ್ತಾರ ಅಂತಾಳ. ನೀವು ಸ್ವಲ್ಪ ಬರ್ತೀರೇನು?"

ತುಂಗಾ ಚಪ್ಪಲಿ ಮೆಟ್ಟಿದಳು.

"ಮತ್ತ ಚಹಾ?" ಎಂದರು ರಾಯರು.

"ಪುಡಿ ಡಬ್ಬಿಯೊಳಗ ಅದ."

ಕೆಳಗಿಳಿದು ಮುಚ್ಚಿದ ಬಾಗಿಲನ್ನು ಬಡಿದಳು. "ಬಾಗಲಾ ತಗೀರಿ. ನಾ ಮ್ಯಾಲಿನ ತುಂಗಾ."

ಒಳಗೆ ಬಳೆಯ ಸದ್ದಾಯಿತು. "ಯಾವ ತುಂಗಾ? ಮ್ಯಾಲೆ ರಾಯರ ಹೆಂಡತಿ ಇರ್ತಾರಲ್ಲ."

"ತಗದು ನೋಡ್ರಿ," ಎಂದಳು ತುಂಗಾ.