ಅಪ್ಪ ಎತ್ತಿದ ಬೆರಳು

ಶೀತವಾಗಿರಬೇಕು ವಿಮಾ ಕಂಪನಿಯ ಈ ಡಾಕ್ಟರಿಗೆ, ಮೂಗಿನಲ್ಲೇ ಮಾತಾಡುತ್ತಾಳೆ, ಟೀಪಾಯಿಯ ಮೇಲಿನ ಫೋನಿನಿಂದ ದನಿ ಮಾತ್ರ, ಅಮ್ಮಾ ನಿಮಗೆ ಬಿಪಿ ಇದೆಯಾ, ಶುಗರ್ ಇದೆಯಾ, ಸೋಫಾದ ತುದಿಯಲ್ಲಿ ಕೂತ ಅಮ್ಮ, ಫೋನಿನಲ್ಲಿ ಯಾರಮ್ಮ ನೋಡ್ತಾರೆ ಎಂದರೂ ಕೇಳದೆ ತಲೆ ಬಾಚಿಕೊಂಡೇ ಬಂದವಳು, ಏನೂ ಇಲ್ಲಮ್ಮ, ಗುಂಡುಕಲ್ಲಿನ ಹಾಗಿದೀನಿ — ನಿಜವೇ, ಮೈಗೇನಾಗಿದೆ, ಮರೆವೊಂದೇ, ಅದನ್ನು ಹೇಳಿದ್ದಕ್ಕೇ ಮೂರು ಕಂಪನಿ ಕೈಯೆತ್ತಿದವು, ಹೇಳದಿದ್ದರೆ ಆಸ್ಪತ್ರೆ ಸೇರಿದ ದಿನ ಮುಚ್ಚಿಟ್ಟಿರಿ ಎಂದು ಇವರೂ ಕೈಯೆತ್ತುತ್ತಾರೆ, ಅತ್ತ ದರಿ ಇತ್ತ ಪುಲಿ, ನೀನು ಬಾಯಿ ಮುಚ್ಕೊಂಡಿರು, ನಾನು ನೋಡ್ಕೋತೀನಿ ಎಂದ ಅಪ್ಪ ಗೋಡೆ ಹತ್ತಿರ ನಿಂತು ನೋಡಿಕೊಳ್ಳುತ್ತಿದ್ದಾನೆ, ಇವತ್ತು ಯಾವ ವಾರಮ್ಮಾ, ಕ್ಯಾಲೆಂಡರಿನ ಮೇಲೆ ಅಪ್ಪನ ಬೆರಳು, ಗುರುವಾರ, ವಯಸ್ಸೆಷ್ಟು, ಏಳು ಬೆರಳು, ಆಮೇಲೆ ಒಂದು, ಎಪ್ಪತ್ತೊಂದು, ಎಷ್ಟು ಚುರುಕು ನೋಡಿ ನಮ್ಮಮ್ಮ.

ನನ್ನ ಕನ್ನಡಕದ ಅಂಗಡಿಯಲ್ಲಿ ದಿನವೂ ನೋಡುತ್ತೇನೆ ಇದನ್ನು, ಲೈಸೆನ್ಸಿಗೆ ಕಣ್ಣು ತೋರಿಸಲು ಬಂದ ಗಂಡನ ಬೆನ್ನಿಗೆ ನಿಂತು ಹೆಂಡತಿ ಬೋರ್ಡಿನ ಅಕ್ಷರ ಪಿಸುಗುಟ್ಟುವುದು, ಮುಲಾಜಿಲ್ಲದೆ ಬೋರ್ಡು ಬದಲಿಸುತ್ತೇನೆ, ನೀವು ಹೊರಗೆ ಕೂತ್ಕೊಳ್ಳಿ ಅಮ್ಮಾ — ಇಲ್ಲಿ ಯಾರನ್ನು ಹೊರಗೆ ಕೂರಿಸಲಿ, ಅಣ್ಣನೋ ತಂಗಿಯೋ ಇದ್ದಿದ್ದರೆ ಅಡುಗೆಮನೆಗೆ ಎಳೆದುಕೊಂಡು ಹೋಗಿ ಏನು ಮಾಡೋಣ ಹೇಳು ಎನ್ನಬಹುದಿತ್ತು, ಯಾರೂ ಇಲ್ಲ ನನಗೆ, ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ ಎಂದ ನೆಂಟರ ಬಾಯಿ ಮುಚ್ಚಿಸಿದವಳು ಅಮ್ಮನೇ, ನನ್ನ ಮಗಳೊಬ್ಬಳೇ ಹತ್ತು ಮಕ್ಕಳ ಸಮ, ಮಡಿಲಲ್ಲಿ ಕೂತು ಕೇಳಿಸಿಕೊಂಡಿದ್ದೆ, ಎಷ್ಟು ಜಂಬವಾಗಿತ್ತು ನನಗೆ — ಮಕ್ಕಳೆಷ್ಟಮ್ಮಾ ನಿಮಗೆ.

ಇದಕ್ಕೇನು ಹೇಳಿಕೊಡುವುದು, ಎದುರಿಗೇ ಕೂತಿದ್ದೇನಲ್ಲ, ಅಮ್ಮ ನನ್ನನ್ನು ನೋಡುತ್ತಾಳೆ, ಮನೆಗೆ ಬಂದವರಿಗೆ ನಗುವ ಹಾಗೆ ನಗುತ್ತಾಳೆ, ಹೇಳಮ್ಮ, ಹೇಳು, ಅವಳ ಕಣ್ಣು ನನ್ನನ್ನು ದಾಟಿ ಗೋಡೆಯ ಕಡೆ ಹೋಗುತ್ತದೆ, ನಾನೂ ತಿರುಗುತ್ತೇನೆ, ಅಪ್ಪನ ಬೆರಳು, ಒಂದು ಎನ್ನುತ್ತಾಳೆ ಅಮ್ಮ, ಒಂದಮ್ಮ, ಸರಿಯಾದ ಉತ್ತರ, ಆಯ್ತಮ್ಮಾ, ಎಲ್ಲ ಚೆನ್ನಾಗಿದೆ, ಪಾಲಿಸಿ ಬರುತ್ತೆ, ಈಗ ಹೇಳಬೇಕು, ತಾಳಿ ಡಾಕ್ಟ್ರೇ ಎನ್ನಬೇಕು, ಫೋನು ಕಟ್ಟಾಯಿತು, ಸರಿಯಾಗಿ ಹೇಳಿದ್ನಾ ಎಂದು ಅಮ್ಮ ಕೇಳುತ್ತಿದ್ದಾಳೆ, ಅಪ್ಪ ನನ್ನ ಮುಖ ನೋಡುತ್ತಿಲ್ಲ, ಕೈ ಇಳಿಸುತ್ತಲೂ ಇಲ್ಲ, ಫೋನು ಇಟ್ಟಾಯಿತಲ್ಲಪ್ಪ, ಇಳಿಸು, ಇನ್ನೂ ಎತ್ತಿಯೇ ಇದೆ, ಒಂದು ಬೆರಳು.